ಸುಣ್ಣದ ಹದ

ಸಂಘದ ಕೂಟಗಳಿಗೆ ನಮ್ಮ ಮನೆಯಿಂದ ಬಸಳೆ ಸೊಪ್ಪಿನ ಕಟ್ಟು ಬರುವುದನ್ನು ಬಲ್ಲ ಬಂಧುಗಳು, ಅಂಗಳದಲ್ಲಿ ಹಿಡಿ ಮಣ್ಣೂ ಇಲ್ಲದ ಮನೆಯಲ್ಲಿ ಅದು ಬೆಳೆಯುವ ಬಗೆಯನ್ನು ಬರೆದುಕೊಡಬೇಕೆಂದು ಬಹಳ ದಿನಗಳಿಂದ ಕೇಳುತ್ತಿದ್ದಾರೆ. ಇಷ್ಟು ಕಾಲ ಹಿಂಜರಿದುದಕ್ಕೆ ಕಾರಣ ಸೋಮಾರಿತನವಲ್ಲ. ಆ ಬಸಳೆಯ ಕಥೆಯನ್ನು ಪ್ರಾಮಾಣಿಕವಾಗಿ ಹೇಳುವುದಾದರೆ, ನಾವು ಒಂದೇ ರಾತ್ರಿಯಲ್ಲಿ 13 ಮೀನುಗಳನ್ನು ಕೊಂದ ಕಥೆಯನ್ನೂ ಹೇಳಬೇಕಾಗುತ್ತದೆ. ವೈದ್ಯರೆನಿಸಿಕೊಂಡವರಿಗೆ ಅದು ಹೆಮ್ಮೆಯ ವಿಷಯವಲ್ಲ. ಆದರೂ ಈಗ ಸಂಘದ ನಾಲ್ಕಾರು ಮನೆಗಳಲ್ಲಿ ಇಂತಹ ತೊಟ್ಟಿಗಳು ಸಿದ್ಧವಾಗುತ್ತಿವೆ ಎಂದು ಕೇಳಿ, ನಮ್ಮ ತಪ್ಪು ಇತರರಿಗಾದರೂ ಉಪಯೋಗಕ್ಕೆ ಬರಲೆಂದು ಬರೆಯುತ್ತಿದ್ದೇವೆ.

ಬೇರೆ ಊರುಗಳ ಓದುಗರಿಗಾಗಿ ಸ್ಥಳದ ಪರಿಚಯವನ್ನು ಮೊದಲು ಹೇಳುವುದು ಒಳ್ಳೆಯದು. ಬಯಾನ್ ಲೆಪಾಸ್ ಇರುವುದು ಪಿನಾಂಗ್ ದ್ವೀಪದ ಆಗ್ನೇಯ ಭಾಗದಲ್ಲಿ. ವಿಮಾನ ನಿಲ್ದಾಣ ಇಲ್ಲಿಯೇ ಇದೆ. 1972ರಲ್ಲಿ ಆರಂಭವಾದ ಮುಕ್ತ ಕೈಗಾರಿಕಾ ವಲಯವೂ ಇಲ್ಲಿಯೇ. ಆ ವಲಯದ ಚಿಪ್ ಕಾರ್ಖಾನೆಯೊಂದರಲ್ಲಿ ನಮ್ಮ ಮನೆಯವರಿಗೆ ಕೆಲಸ. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಕೆಲವು ವರ್ಷ ವೃತ್ತಿ ನಡೆಸಿ ಬಂದ ನಾವು, ಇಲ್ಲಿ ಸಂಘದ ಆರೋಗ್ಯ ಮಾಹಿತಿ ಶಿಬಿರಗಳಲ್ಲಿ ಸ್ವಯಂಸೇವಕರಾಗಿ ನಿಂತು, ಸದಸ್ಯರಿಗೆ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ತಿಳಿವಳಿಕೆ ಹೇಳುವ ಕೆಲಸವನ್ನು ಮಾಡುತ್ತಿದ್ದೇವೆ. ವಾಸ ಸಾಲುಮನೆಯಲ್ಲಿ. ಮುಂದೆ ಕಾರು ನಿಲ್ಲಿಸುವಷ್ಟು ಕಾಂಕ್ರೀಟು ಹಾಸು, ಹಿಂದೆ ಬಟ್ಟೆ ಒಣಗಿಸುವಷ್ಟು ಜಾಗ.

ಅಮ್ಮ ತೀರಿಕೊಂಡ ವರ್ಷ ಅಪ್ಪಯ್ಯ ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟವನ್ನು ಚೇಣಿಗೆ ಕೊಟ್ಟು, ನವೆಂಬರಿನಲ್ಲಿ ಈ ಮನೆಗೆ ಬಂದರು. ಪಿನಾಂಗ್ ಎಂಬ ಮಲಯ್ ಮಾತಿಗೆ ಅಡಿಕೆ ಎಂದೇ ಅರ್ಥ. ರಾಜ್ಯದ ಬಾವುಟದ ಮೇಲೂ ಅಡಿಕೆ ಮರವೇ ಇದೆ. ಇದನ್ನು ಹೇಳಿದರೆ ಅವರು ಸಂತೋಷಪಟ್ಟಾರೆಂದು ನಾವು ಎಣಿಸಿದ್ದೆವು. ಕಾರಿನ ಕಿಟಕಿಯಿಂದ ಒಂದಷ್ಟು ಹೊತ್ತು ಹೊರಗೆ ನೋಡಿ, "ಹೆಸರಷ್ಟೇ ಉಳಿದದ್ದು ಅಂತ ಕಾಣ್ತದೆ" ಎಂದರು. ಆಮೇಲೆ ಎರಡು ವಾರ ಮಾತೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಮುಂಬಾಗಿಲಿನಲ್ಲಿ ಕುಳಿತು, ತಲೆಯ ಮೇಲೆ ಇಳಿಯುವ ವಿಮಾನಗಳನ್ನು ನೋಡುತ್ತಿದ್ದರು. ಎಲೆ ಅಡಿಕೆ ಮಾತ್ರ ಬಿಡಲಿಲ್ಲ. ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಪ್ರಕಟಿಸಿರುವುದನ್ನು ನಾವು ಮತ್ತೆ ಮತ್ತೆ ನೆನಪಿಸುತ್ತಿದ್ದೆವು. ಆದರೂ ಜಾರ್ಜ್ ಟೌನಿನ ಲಿಟಲ್ ಇಂಡಿಯಾಕ್ಕೆ ಹೋದಾಗ ವೀಳ್ಯದೆಲೆಯನ್ನೂ ಒಂದು ಡಬ್ಬಿ ಸುಣ್ಣವನ್ನೂ ತಂದುಕೊಟ್ಟವರು ನಾವೇ. ಹೆಂಡತಿಯನ್ನೂ ತೋಟವನ್ನೂ ಒಂದೇ ವರ್ಷದಲ್ಲಿ ಬಿಟ್ಟುಬಂದ ಮನುಷ್ಯನಿಂದ ಮೂರನೆಯದನ್ನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ.

ಮೀನಿನ ತೊಟ್ಟಿ ಬಂದದ್ದು ಮಗಳ ಶಾಲೆಯ ವಿಜ್ಞಾನ ಯೋಜನೆಯ ನೆಪದಿಂದ. ಅಕ್ವಾಪೋನಿಕ್ಸ್ ಎಂದರೆ ಮೀನನ್ನೂ ಸೊಪ್ಪನ್ನೂ ಒಂದೇ ನೀರಿನಲ್ಲಿ ಸಾಕುವ ಪದ್ಧತಿ. ಸಾವಿರ ಲೀಟರಿನ ಹಳೆಯ ಚೌಕ ಟ್ಯಾಂಕೊಂದನ್ನು ಕೊಂಡು, ಮೇಲಿನ ಭಾಗವನ್ನು ಕತ್ತರಿಸಿ ತಿರುವಿಟ್ಟು, ಅದರಲ್ಲಿ ಜಲ್ಲಿ ತುಂಬಿದೆವು. ಅದೇ ಗಿಡಗಳ ಪಾತಿ. ಸುಮಾರು ಒಂದು ಚದರ ಮೀಟರು. ಕೆಳಗಿನ ಭಾಗದಲ್ಲಿ 600 ಲೀಟರು ನೀರು, 20 ಕೆಂಪು ತಿಲಾಪಿಯಾ ಮರಿಗಳು. ಪಂಪು ನೀರನ್ನು ಮೇಲಕ್ಕೆ ಎತ್ತುತ್ತದೆ. ಅದು ಜಲ್ಲಿಯ ನಡುವೆ ಇಳಿದು ಮೀನಿನ ತೊಟ್ಟಿಗೆ ಮರಳುತ್ತದೆ. ಜಲ್ಲಿಯನ್ನು ಆರಿಸುವಾಗ ವಿನಿಗರಿನ ಹನಿ ಹಾಕಿ ನೋಡಬೇಕು. ನೊರೆ ಬಂದರೆ ಅದು ಸುಣ್ಣಕಲ್ಲು. ನೀರಿನ ಗುಣವನ್ನು ನಮ್ಮ ಹಿಡಿತದಲ್ಲಿ ಉಳಿಯಗೊಡದು. ನಾವು ತಂದದ್ದು ಗ್ರಾನೈಟ್ ಜಲ್ಲಿ. ಈ ದ್ವೀಪವೇ ಗ್ರಾನೈಟಿನದು.

ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಹಾಗಿದ್ದೂ ತಿಲಾಪಿಯಾವನ್ನೇ ತಂದದ್ದು ಅದು ಗಟ್ಟಿ ಜೀವವೆಂದು. ತಿಲಾಪಿಯಾದ ಸುಧಾರಿತ ತಳಿಯ ಚರಿತ್ರೆಗೂ ನಮ್ಮ ನೆರೆಗೂ ನಂಟಿದೆ. 1988ರಲ್ಲಿ ಫಿಲಿಪೈನ್ಸಿನಲ್ಲಿ ಆ ತಳಿಯ ಕೆಲಸವನ್ನು ಆರಂಭಿಸಿದ ಸಂಸ್ಥೆಯೇ 2000ದಲ್ಲಿ ತನ್ನ ಕೇಂದ್ರವನ್ನು ಪಿನಾಂಗ್‌ಗೆ ತಂದಿತು. ವರ್ಲ್ಡ್‌ಫಿಶ್ ಎಂಬ ಹೆಸರಿನ ಅದರ ಕಚೇರಿ ನಮ್ಮ ಪಕ್ಕದ ಬಾತು ಮೌಂಗ್‌ನಲ್ಲಿದೆ. ಆದರೆ ಅಪ್ಪಯ್ಯನವರಿಗೆ ಈ ಯಾವುದೂ ಬೇಕಿರಲಿಲ್ಲ. ಮೀನುಗಳು ಬಂದ ದಿನ ಅವರು ಶೃಂಗೇರಿಯ ತುಂಗೆಯ ಮೀನುಗಳನ್ನು ನೆನೆದರು. ಮದುವೆಯಾದ ಹೊಸದರಲ್ಲಿ ಅಮ್ಮನೊಡನೆ ಅಲ್ಲಿನ ಮೆಟ್ಟಿಲ ಮೇಲೆ ಕುಳಿತು ಮಂಡಕ್ಕಿ ಹಾಕಿದ್ದನ್ನು ಮೊಮ್ಮಗಳಿಗೆ ಹೇಳಿದರು. ಅವರು ಬಂದ ಮೇಲೆ ಅಮ್ಮನ ಹೆಸರೆತ್ತಿದ್ದು ಅದೇ ಮೊದಲು. ಮರುದಿನದಿಂದ ಬೆಳಗಿನ ಐದೂವರೆಗೆ ಎದ್ದು, ತೊಟ್ಟಿಯ ಪಕ್ಕ ಪ್ಲಾಸ್ಟಿಕ್ ಸ್ಟೂಲು ಹಾಕಿ ಕುಳಿತುಕೊಳ್ಳತೊಡಗಿದರು. ಮುಂಬಾಗಿಲಿನ ಕುರ್ಚಿ ಖಾಲಿಯಾಯಿತು.

ಈ ಪದ್ಧತಿಯ ತತ್ತ್ವ ನಮ್ಮ ಹಿರಿಯರಿಗೆ ಹೊಸದಲ್ಲ. ಬಯಲುಸೀಮೆಯಲ್ಲಿ ಬೇಸಿಗೆಗೆ ಕೆರೆ ಬತ್ತಿದಾಗ ಗೋಡುಮಣ್ಣನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ನೀರಿನ ಜೀವಿಗಳು ಬಿಟ್ಟದ್ದು ನೆಲದ ಬೆಳೆಗೆ ಗೊಬ್ಬರ. ತೊಟ್ಟಿಯಲ್ಲಿ ನಡೆಯುವುದೂ ಅದೇ. ವರ್ಷಕ್ಕೊಮ್ಮೆ ಅಲ್ಲ, ದಿನದ 24 ಗಂಟೆಯೂ. ಮೀನು ತಿಂದ ಆಹಾರದಲ್ಲಿನ ಸಾರಜನಕದ ಬಹುಭಾಗ ಕಿವಿರಿನ ಮೂಲಕ ಅಮೋನಿಯವಾಗಿ ಹೊರಬರುತ್ತದೆ. ಜಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳಲ್ಲಿ ಒಂದು ಗುಂಪು ಅಮೋನಿಯವನ್ನು ನೈಟ್ರೈಟಾಗಿಯೂ ಮತ್ತೊಂದು ಗುಂಪು ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ಕೊನೆಯದು ಗಿಡಕ್ಕೆ ಅನ್ನ. ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಆತುರಪಟ್ಟು ಮೀನು ತುಂಬಿದವರ ತೊಟ್ಟಿಯಲ್ಲಿ ನೈಟ್ರೈಟ್ ಏರಿ, ಮೀನಿನ ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಆ ರಕ್ತ ಆಮ್ಲಜನಕವನ್ನು ಹೊರಲಾರದು. ವೈದ್ಯರಿಗೆ ಇದು ಪರಿಚಿತ ಚಿತ್ರ. ನೈಟ್ರೇಟ್ ತುಂಬಿದ ಬಾವಿನೀರಿನಿಂದ ಹಸುಗೂಸುಗಳು ನೀಲಿಗಟ್ಟುವುದನ್ನು 1945ರಲ್ಲಿ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ ವರದಿ ಮಾಡಿದರು. ಮೀನಿನದೂ ಮಗುವಿನದೂ ಒಂದೇ ರೋಗ. ಮೀನಿಗಾದರೆ ಲೀಟರಿಗೆ ಕಾಲು ಗ್ರಾಂ ಉಪ್ಪು ಹಾಕಿದರೂ ರಕ್ಷಣೆ ದೊರೆಯುತ್ತದೆ. ಉಪ್ಪಿನ ಕ್ಲೋರೈಡು ಕಿವಿರಿನಲ್ಲಿ ನೈಟ್ರೈಟಿಗೆ ದಾರಿ ಬಿಡುವುದಿಲ್ಲ.

ಇಷ್ಟೆಲ್ಲ ಓದಿಕೊಂಡೇ ನಾವು ಡಿಸೆಂಬರಿನಲ್ಲಿ ತೊಟ್ಟಿಯನ್ನು ಹದಕ್ಕೆ ತಂದು, ಜನವರಿಯ ಕೊನೆಗೆ ಮೀನು ಬಿಟ್ಟದ್ದು. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಪೆಟ್ಟಿಗೆಯೊಂದನ್ನು ತಂದಿದ್ದೆವು. ಗೋಡೆಯ ಮೇಲೆ ಪಟ್ಟಿ ಅಂಟಿಸಿದ್ದೆವು: ಪಿಎಚ್ 6ರಿಂದ 7ರ ಒಳಗೆ, ಅಮೋನಿಯ ಮತ್ತು ನೈಟ್ರೈಟ್ ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆ, ಕರಗಿದ ಆಮ್ಲಜನಕ 5 ಮಿಲಿಗ್ರಾಮಿಗಿಂತ ಹೆಚ್ಚು. ಫೆಬ್ರವರಿಯಲ್ಲಿ ಎಲ್ಲ ಅಂಕಿಗಳೂ ಸುಂದರವಾಗಿದ್ದವು. ಬಸಳೆ ಬಳ್ಳಿ ಕಿಟಕಿಯ ಸರಳುಗಳನ್ನು ಹಿಡಿದಿತ್ತು. ಪಕ್ಕದ ಮನೆಯ ಮಕ್‌ಚಿಕ್ ಕೊಟ್ಟ ಪೆಗಾಗವೂ ಹಬ್ಬಿತ್ತು. ಅದು ನಮ್ಮ ಒಂದೆಲಗವೇ ಎಂದು ಗುರುತಿಸಿ, ತಂಬುಳಿ ಮಾಡಿಸಿದವರು ಅಪ್ಪಯ್ಯ.

ಮಾರ್ಚಿನಲ್ಲಿ ನಾವು ಮೂರು ವಾರ ಪರೀಕ್ಷೆಯನ್ನೇ ಮಾಡಲಿಲ್ಲ. ಅಂಕಿಗಳು ಚೆನ್ನಾಗಿದ್ದವಲ್ಲ ಎಂಬ ಧೈರ್ಯ. ಆ ದಿನಗಳಲ್ಲಿ ಅಪ್ಪಯ್ಯ ಒಂದೆರಡು ಬಾರಿ, "ಮೀನಿಗೆ ಊಟ ಸೇರ್ತಾ ಇಲ್ಲ" ಎಂದರು. "ರೀಡಿಂಗ್ ಎಲ್ಲಾ ನಾರ್ಮಲ್ ಇದೆ ಅಪ್ಪಯ್ಯ" ಎಂದು ನಾವು ಉತ್ತರಿಸಿದೆವು.

ಈ ಉತ್ತರವನ್ನು ನಾವು ಅವರಿಗೆ ಹಿಂದೆಯೂ ಒಮ್ಮೆ ಕೊಟ್ಟಿದ್ದೆವು. ಅಮ್ಮನಿಗೆ ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ. ಪ್ರತಿ ಭಾನುವಾರ ದೂರವಾಣಿಯಲ್ಲಿ ಅಪ್ಪಯ್ಯ ವಾರದ ಅಂಕಿಗಳನ್ನು ಓದುತ್ತಿದ್ದರು. ನಾವು ಇಲ್ಲಿಂದ ಮಾತ್ರೆಯ ಲೆಕ್ಕ ಹೇಳುತ್ತಿದ್ದೆವು. ಕೊನೆಯ ಎರಡು ವಾರ ಅಂಕಿಗಳನ್ನು ಓದಿ ಮುಗಿಸಿದ ಮೇಲೆ ಅವರು, "ಊಟ ಸೇರ್ತಾ ಇಲ್ಲ ಅವಳಿಗೆ" ಎಂದಿದ್ದರು. ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಎದೆನೋವಿಲ್ಲದೆ, ಬರಿಯ ಸುಸ್ತು, ಅರುಚಿಗಳ ರೂಪದಲ್ಲಿ ಬರಬಹುದೆಂಬುದು ವೈದ್ಯ ವಿದ್ಯಾರ್ಥಿಗೂ ತಿಳಿದ ಮಾತು. ನಾವು ಅಂಕಿಗಳನ್ನು ನೋಡಿ ಸಮಾಧಾನಪಟ್ಟಿದ್ದೆವು. ಅಪ್ಪಯ್ಯ ಆ ಮಾತನ್ನು ಆಮೇಲೆ ಎಂದೂ ಎತ್ತಲಿಲ್ಲ.

ತೊಟ್ಟಿಯ ಬಳಿ ಅದೇ ಮಾತು ಮೂರನೆಯ ಬಾರಿ ಕೇಳಿದಾಗ ಪರೀಕ್ಷಾ ಪೆಟ್ಟಿಗೆ ತೆಗೆದೆವು. ಪಿಎಚ್ ಬಣ್ಣ 6ರದು. ಆ ಪೆಟ್ಟಿಗೆಯ ಕನಿಷ್ಠ ಬಣ್ಣವೇ 6. ನಿಜವಾದ ಅಂಕಿ ಅದಕ್ಕೂ ಕೆಳಗಿದ್ದಿರಬೇಕು. ಅಮೋನಿಯದ ಬಣ್ಣ ಪಟ್ಟಿಯ ಕೊನೆಯದು, ಲೀಟರಿಗೆ 8 ಮಿಲಿಗ್ರಾಂ. ನಮಗೆ ಗಾಬರಿಯಾಯಿತು. ನೀರು ಹುಳಿಯಾಗಿದೆ, ಹುಳಿಗೆ ಮದ್ದು ಸುಣ್ಣ ಎಂಬಷ್ಟೇ ಆ ಹೊತ್ತಿಗೆ ಹೊಳೆದದ್ದು. ರಾತ್ರಿ ಹತ್ತು ಗಂಟೆ. ಅಪ್ಪಯ್ಯ ಮಲಗಿದ್ದರು. ಅವರ ಎಲೆಪೆಟ್ಟಿಗೆಯ ಪಕ್ಕದಲ್ಲಿದ್ದ ಡಬ್ಬಿಯಿಂದ ಎರಡು ದೊಡ್ಡ ಚಮಚೆ ಸುಣ್ಣ ತೆಗೆದು, ನೀರಿನಲ್ಲಿ ಕದಡಿ, ತೊಟ್ಟಿಗೆ ಸುರಿದು ಮಲಗಿದೆವು.

ಬೆಳಗಿನ ಐದೂವರೆಗೆ ಅಪ್ಪಯ್ಯ ಬಾಗಿಲು ತಟ್ಟಿದರು. ಮಾತಾಡಲಿಲ್ಲ, ತಟ್ಟಿ ಹಿಂದಿರುಗಿದರು. ಹನ್ನೊಂದು ಮೀನುಗಳು ತೇಲುತ್ತಿದ್ದವು. ಉಳಿದವು ನೀರಿನ ಮೇಲ್ಮೈಗೆ ಬಾಯಿಟ್ಟು, ಗಾಳಿಯನ್ನು ನುಂಗುತ್ತಿದ್ದವು. ಪಿಎಚ್ ಬಣ್ಣ 8.8ರದು. ಸ್ನಾನದ ಮನೆಯ ಬಕೆಟ್ಟುಗಳಲ್ಲಿ ಹಿಡಿದಿಟ್ಟಿದ್ದ ನೀರನ್ನೆಲ್ಲ ತಂದು ತೊಟ್ಟಿಯ ನೀರನ್ನು ಬದಲಿಸುವಷ್ಟರಲ್ಲಿ ಇನ್ನೆರಡು ಹೋದವು. ಬಿಸಿಲು ಬಂದ ಮೇಲೆ ಅಪ್ಪಯ್ಯ ಕೇಳಿದರು:

"ಸುಣ್ಣ ಹಾಕಿದ್ಯಾ?"

ಹೌದೆಂದೆವು.

"ಒಂದೇ ಸಲಕ್ಕೆ ಸುರಿದ್ಯಾ ಮಾರಾಯ? ಬೋರ್ಡೋ ಮಾಡುವಾಗ ಕತ್ತಿ ಅದ್ದಿ ಅದ್ದಿ ನೋಡ್ತಿದ್ವಲ್ಲ, ಅದು ಯಾಕೆ ಅಂದ್ಕೊಂಡಿದ್ದೆ?"

ಮಲೆನಾಡಿನ ಬಂಧುಗಳಿಗೆ ಈ ಮಾತನ್ನು ಬಿಡಿಸಬೇಕಾಗಿಲ್ಲ, ಇತರರಿಗಾಗಿ ಹೇಳುತ್ತೇವೆ. ಅಡಿಕೆಗೆ ಮಳೆಗಾಲದಲ್ಲಿ ಬರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದು ವಾಡಿಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಆ ರೋಗವನ್ನು ಅಭ್ಯಸಿಸಿ, ಈ ಔಷಧವನ್ನು ನಮ್ಮ ತೋಟಗಳಿಗೆ ಪರಿಚಯಿಸಿದವರು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆದರೆ ಸುಣ್ಣದ ಸತ್ತ್ವ ಪ್ರತಿ ಸಲವೂ ಒಂದೇ ಅಲ್ಲ. ಆದುದರಿಂದ ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಹುಳಿ ಇನ್ನೂ ಉಳಿದಿದೆ ಎಂದರ್ಥ. ಸ್ವಲ್ಪ ಸುಣ್ಣ ಹಾಕಿ, ಕದಡಿ, ಮತ್ತೆ ಅದ್ದಬೇಕು. ಹೀಗೆ ಹದ ಸಿಗುವವರೆಗೆ. ಚಿಕ್ಕಂದಿನಲ್ಲಿ ಕತ್ತಿ ಅದ್ದುವ ಆ ಕೆಲಸ ನಮ್ಮದೇ ಆಗಿತ್ತು. ಮುಂದೆ ಪಿ.ಯು.ಸಿ. ಪ್ರಯೋಗಾಲಯದಲ್ಲಿ ಹನಿಹನಿಯಾಗಿ ಕ್ಷಾರ ಬಿಟ್ಟು ಬಣ್ಣ ನೋಡಿದ್ದೂ ಇದನ್ನೇ. ಎರಡನ್ನೂ ಮರೆತಿದ್ದೆವು.

ಆ ರಾತ್ರಿ ನಡೆದುದರ ಕಾರಣವನ್ನು ಆಮೇಲೆ ಕುಳಿತು ಲೆಕ್ಕ ಹಾಕಿದೆವು. ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವಾಗ ಆಮ್ಲ ಹುಟ್ಟುತ್ತದೆ. ದಿನಕ್ಕೆ 50 ಗ್ರಾಂ ಮೀನಿನ ಆಹಾರ ಹಾಕಿದರೆ ಸುಮಾರು ಒಂದೂವರೆ ಗ್ರಾಂ ಅಮೋನಿಯ ಸಾರಜನಕ ಬರುತ್ತದೆ. ಅದನ್ನು ಮಾರ್ಪಡಿಸಲು ಸುಮಾರು ಹತ್ತು ಗ್ರಾಂ ಸುಣ್ಣಕಲ್ಲಿನಷ್ಟು ಕ್ಷಾರ ಖರ್ಚಾಗುತ್ತದೆ. ಗಿಡಗಳು ನೈಟ್ರೇಟನ್ನು ಹೀರುವಾಗ ಅದರಲ್ಲಿ ಒಂದಂಶ ಮರಳುತ್ತದೆ, ಪೂರ್ತಿಯಲ್ಲ. ನಮ್ಮ ನಲ್ಲಿಯ ನೀರು ಮೆದು. ಅದರಲ್ಲಿ ಕ್ಷಾರದ ಉಳಿತಾಯವೇ ಅಲ್ಪ. ಉಳಿತಾಯ ಮುಗಿದ ದಿನ ಪಿಎಚ್ ಕುಸಿಯಿತು. 6ರ ಕೆಳಗೆ ಬ್ಯಾಕ್ಟೀರಿಯಾಗಳೇ ಮಂಕಾದವು. ಅಮೋನಿಯ ಏರತೊಡಗಿತು.

ಆದರೂ ಮೀನುಗಳು ಸತ್ತಿರಲಿಲ್ಲ, ಊಟ ಬಿಟ್ಟಿದ್ದವು ಅಷ್ಟೆ. ಏಕೆಂದರೆ ಹುಳಿನೀರಿನಲ್ಲಿ ಅಮೋನಿಯದ ಬಹುಭಾಗ ಅಮೋನಿಯಂ ಅಯಾನಿನ ರೂಪದಲ್ಲಿರುತ್ತದೆ. ಅದು ಅಷ್ಟಾಗಿ ಹಾನಿ ಮಾಡದು. 30 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ 6 ಇದ್ದಾಗ, ವಿಷರೂಪದ ಅಮೋನಿಯ ಸಾವಿರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 7ಕ್ಕೆ ಏರಿದರೆ ನೂರಕ್ಕೆ ಒಂದರ ಹತ್ತಿರ, 8ಕ್ಕೆ ಏರಿದರೆ ನೂರಕ್ಕೆ ಏಳೆಂಟು, 8.8ಕ್ಕೆ ಏರಿದರೆ ಮೂರನೆಯ ಒಂದು ಪಾಲು. ಪರೀಕ್ಷಾ ಪೆಟ್ಟಿಗೆ ಎರಡು ರೂಪಗಳನ್ನೂ ಕೂಡಿಸಿಯೇ ತೋರಿಸುತ್ತದೆ. ತೊಟ್ಟಿಯಲ್ಲಿದ್ದ ನಿರುಪದ್ರವಿ ಅಮೋನಿಯಂ ಅನ್ನು ನಮ್ಮ ಎರಡು ಚಮಚೆ ಸುಣ್ಣ ಒಂದೇ ರಾತ್ರಿಯಲ್ಲಿ ವಿಷವಾಗಿಸಿತು. ರೋಗದಿಂದ ಬದುಕಿದ್ದ ಮೀನುಗಳು ನಮ್ಮ ಮದ್ದಿನಿಂದ ಸತ್ತವು.

ಸಂಘದ ಹಿರಿಯ ಸದಸ್ಯರಿಗೆ ನಾವು ಒಂದು ಎಚ್ಚರಿಕೆ ಹೇಳುವುದುಂಟು. ರಕ್ತದೊತ್ತಡದ ಕೆಲವು ಮಾತ್ರೆಗಳಿಂದ ವಯಸ್ಸಾದವರಲ್ಲಿ ಸೋಡಿಯಂ ನಿಧಾನವಾಗಿ ಇಳಿಯುತ್ತದೆ. ಹಲವು ದಿನಗಳಲ್ಲಿ ಇಳಿದುದನ್ನು ಒಂದೇ ದಿನದಲ್ಲಿ ಏರಿಸಿದರೆ ಮಿದುಳಿನ ಕಾಂಡಕ್ಕೆ ಶಾಶ್ವತ ಹಾನಿಯಾಗಬಹುದು; ಆದುದರಿಂದ 24 ಗಂಟೆಗಳಲ್ಲಿ 8ರಿಂದ 10 ಮಿಲಿಮೋಲಿಗಿಂತ ಹೆಚ್ಚು ಏರಿಸಬಾರದೆಂಬ ಕಟ್ಟುಪಾಡಿದೆ. ನಿಧಾನವಾಗಿ ಕೆಟ್ಟದ್ದು ನಿಧಾನವಾಗಿಯೇ ಸರಿಯಾಗಬೇಕು. ಮನುಷ್ಯರ ವಿಷಯದಲ್ಲಿ ಇದನ್ನು ಬಲ್ಲವರು ತೊಟ್ಟಿಯ ಮುಂದೆ ಮರೆತೆವು. ನಾವು ಮಾಡಬೇಕಾಗಿದ್ದುದು ಇಷ್ಟು: ಮೀನಿಗೆ ಆಹಾರ ನಿಲ್ಲಿಸುವುದು; ಕ್ಲೋರಿನ್ ಕಳೆದ ನೀರಿನಿಂದ ದಿನಕ್ಕೆ ಕಾಲುಭಾಗದಂತೆ ನೀರು ಬದಲಿಸಿ ಮೊದಲು ಅಮೋನಿಯವನ್ನು ಇಳಿಸುವುದು; ಆಮೇಲೆ ಪಿಎಚ್ ಅನ್ನು ದಿನಕ್ಕೆ 0.2ರಷ್ಟು ಮಾತ್ರ ಏರಿಸುವುದು.

ಸತ್ತ ಮೀನುಗಳನ್ನು ಅಪ್ಪಯ್ಯ ಹಿಂದಿನ ಓಣಿಯ ಬಾಳೆಗಿಡದ ಬುಡದಲ್ಲಿ ಹೂತರು. ಮೂರು ದಿನ ಮತ್ತೆ ಮುಂಬಾಗಿಲಿನ ಕುರ್ಚಿ, ಮತ್ತೆ ವಿಮಾನಗಳು. ಊರಿಗೆ ಟಿಕೆಟ್ ಮಾಡಿಸಿಕೊಡೆಂದು ಕೇಳಿದರು. ಆ ರಾತ್ರಿ ನಾವು ಅವರ ಬಳಿ ಕುಳಿತು, ಮೀನಿನ ವಿಷಯಕ್ಕೂ ಮತ್ತೊಂದು ವಿಷಯಕ್ಕೂ ಒಟ್ಟಿಗೆ ಕ್ಷಮೆ ಕೇಳಿದೆವು. "ನೀವು ಎರಡು ಸಲ ಹೇಳಿದ್ರಿ, ನಾವು ಕೇಳಲಿಲ್ಲ" ಎಂದಷ್ಟೇ ಹೇಳಲಾಯಿತು. ಅವರು ಬಹಳ ಹೊತ್ತು ಅಡಿಕೆ ಕತ್ತರಿಸುತ್ತ ಕುಳಿತಿದ್ದು, "ಏಳು ಉಳಿದಿದಾವೆ. ಅವಕ್ಕೇನು ಮಾಡ್ತೀಯ ನೋಡು" ಎಂದರು.

ಮದ್ದನ್ನು ಸೂಚಿಸಿದವರೂ ಅವರೇ. ಕರಾವಳಿಯಲ್ಲಿ ಸುಣ್ಣವನ್ನು ಚಿಪ್ಪು ಸುಟ್ಟು ಮಾಡುತ್ತಿದ್ದರು. "ಸುಟ್ಟ ಸುಣ್ಣಕ್ಕೆ ಉರಿ ಜಾಸ್ತಿ. ಸುಡದ ಚಿಪ್ಪನ್ನೇ ಹಾಕಿದ್ರೆ?" ಎಂದರು. ರಸಾಯನಶಾಸ್ತ್ರವೂ ಹಾಗೆಯೇ ಹೇಳುತ್ತದೆ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟು. ನೀರು ಹುಳಿಯಾದಷ್ಟೂ ಅದು ಬೇಗ ಕರಗುತ್ತದೆ. ಹುಳಿ ಹೋದಂತೆ ಕರಗುವುದನ್ನು ತಾನಾಗಿಯೇ ಕಡಿಮೆ ಮಾಡುತ್ತದೆ. ಸುಟ್ಟ ಸುಣ್ಣಕ್ಕೆ ಆ ಸಂಯಮವಿಲ್ಲ. ಪಿನಾಂಗ್‌ನಲ್ಲಿ ಚಿಪ್ಪಿಗೆ ಬರವೇ? ಮಕ್‌ಚಿಕ್ ಮನೆಯಲ್ಲಿ ಕೆರಾಂಗ್ ಬೇಯಿಸಿದ ದಿನ ಎರಡು ಕಿಲೋ ಚಿಪ್ಪು ಕೊಟ್ಟರು. ಚೆನ್ನಾಗಿ ಕುದಿಸಿ, ಉಜ್ಜಿ ತೊಳೆದು, ಬಲೆಚೀಲದಲ್ಲಿ ಕಟ್ಟಿ, ಪಾತಿಯಿಂದ ನೀರು ಬೀಳುವಲ್ಲಿ ತೂಗುಹಾಕಿದೆವು. ಮೂರು ವಾರಗಳಲ್ಲಿ ಪಿಎಚ್ 6.8ರ ಆಸುಪಾಸಿಗೆ ಬಂದು ನಿಂತಿತು. ಅಡಿಗೆ ಸೋಡಾ ಹಾಕುವವರೂ ಉಂಟು. ಅದರ ಸೋಡಿಯಂ ನೀರಿನಲ್ಲಿ ಉಳಿದು ಕ್ರಮೇಣ ಗಿಡಗಳಿಗೆ ಮಾರಕವಾಗುತ್ತದೆ.

ಇನ್ನು ಗಿಡಗಳ ಪೋಷಣೆ. ಮೀನಿನ ಆಹಾರವನ್ನು ತಯಾರಿಸುವುದು ಮೀನಿಗಾಗಿ; ಆದುದರಿಂದ ಸಾರಜನಕ, ರಂಜಕಗಳು ಧಾರಾಳವಾಗಿ ಬಂದರೂ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಬ್ಬಿಣ ಗಿಡಕ್ಕೆ ಸಾಲುವುದಿಲ್ಲ. ಯಾವುದು ಸಾಲದೆಂಬುದನ್ನು ಎಲೆಯೇ ಹೇಳುತ್ತದೆ. ರೋಗಿಯ ಕಣ್ಣಿನ ರೆಪ್ಪೆ, ಉಗುರು, ನಾಲಗೆಗಳನ್ನು ನೋಡುವ ಹಾಗೆ ಮೊದಲು ನೋಡಬೇಕಾದುದು, ತೊಂದರೆ ಹಳೆಯ ಎಲೆಯಲ್ಲೋ ಹೊಸ ಚಿಗುರಿನಲ್ಲೋ ಎಂಬುದನ್ನು. ಗಿಡವು ತನ್ನೊಳಗೆ ಸಾಗಿಸಬಲ್ಲ ಪೋಷಕಾಂಶ ಕಡಿಮೆಯಾದಾಗ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ತಾಯಿ ಮಗುವಿಗೆ ಕೊಟ್ಟ ಹಾಗೆ. ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲದು. ಹಳೆಯ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಸಿಯಂ. ನರಗಳು ಹಸಿರುಳಿದು ನಡುವೆ ಹಳದಿಯಾದರೆ ಮೆಗ್ನೀಷಿಯಂ. ಸಾಗಿಸಲಾಗದ ಅಂಶಗಳ ಕೊರತೆ ಚಿಗುರಿನಲ್ಲಿಯೇ ಕಾಣುತ್ತದೆ. ಚಿಗುರು ಮುರುಟಿ ತುದಿ ಕಪ್ಪಾದರೆ ಕ್ಯಾಲ್ಸಿಯಂ. ಹೊಸ ಎಲೆ ಬಿಳಿಚಿಕೊಂಡು ನರಗಳಷ್ಟೇ ಹಸಿರಾಗಿದ್ದರೆ ಕಬ್ಬಿಣ.

ಸುಣ್ಣದ ರಾತ್ರಿಯ ಅನಂತರ ನಮ್ಮ ಬಸಳೆಗೆ ಬಂದದ್ದು ಈ ಕೊನೆಯದು. ಪಿಎಚ್ ಏರಿದಾಗ ಕಬ್ಬಿಣ ನೀರಿನಲ್ಲಿ ಕರಗಿ ನಿಲ್ಲುವುದಿಲ್ಲ. ತುಕ್ಕು ಹಿಡಿದ ಮೊಳೆ ಹಾಕಿದರೆ ಪ್ರಯೋಜನವಿಲ್ಲ; ಡಿಟಿಪಿಎ ಎಂಬ ರೂಪದ ಕಬ್ಬಿಣವನ್ನು ಹಾಕಬೇಕು. ಮೂರು ವಾರಕ್ಕೊಮ್ಮೆ ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ ಸಾಕು. ನಮ್ಮ 600 ಲೀಟರಿಗೆ ಆ ಪುಡಿ ಸುಮಾರು 11 ಗ್ರಾಂ. ಕ್ಯಾಲ್ಸಿಯಂ ಚಿಪ್ಪಿನಿಂದಲೇ ದೊರೆಯುತ್ತದೆ. ಪೊಟ್ಯಾಸಿಯಮ್ಮಿಗಾಗಿ ವಾರಕ್ಕೆರಡು ಸಲ 5 ಗ್ರಾಂ ಪೊಟ್ಯಾಸಿಯಂ ಬೈಕಾರ್ಬೊನೇಟನ್ನು ನೀರಿನಲ್ಲಿ ಕರಗಿಸಿ ಹಾಕುತ್ತೇವೆ. ಅದು ಕ್ಷಾರವನ್ನೂ ತುಸು ತುಂಬುತ್ತದೆ. ಒಂದು ವಾರದಲ್ಲಿ ಒಂದೇ ಬದಲಾವಣೆ. ಅದರ ಫಲವನ್ನು ನೋಡಿದ ಮೇಲೆ ಎರಡನೆಯದು. ಆಹಾರವನ್ನು ಹತ್ತು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕುತ್ತೇವೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಗೆ ತೊಟ್ಟಿಗಿಂತ ಒಳ್ಳೆಯ ಉದಾಹರಣೆ ಇರಲಾರದು.

ಪುಸ್ತಕ ನೋಡದೆ ಅಪ್ಪಯ್ಯ ಕಂಡುಕೊಂಡ ಸಂಗತಿಯೊಂದಿದೆ: ಮೀನನ್ನು ನೋಡಬೇಕಾದ ಹೊತ್ತು ಬೆಳಗಿನ ಜಾವ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 30 ಡಿಗ್ರಿಯಲ್ಲಿ ಹೆಚ್ಚೆಂದರೆ ಲೀಟರಿಗೆ ಏಳೂವರೆ ಮಿಲಿಗ್ರಾಂ. ರಾತ್ರಿಯೆಲ್ಲ ಮೀನು, ಬೇರು, ಬ್ಯಾಕ್ಟೀರಿಯಾ ಮೂರೂ ಅದನ್ನೇ ಉಸಿರಾಡಿ, ಬೆಳಕು ಹರಿಯುವ ಮುನ್ನ ಅದು ಕನಿಷ್ಠಕ್ಕೆ ಇಳಿದಿರುತ್ತದೆ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗಲೂ ಕೇಳಿಬಂದದ್ದು ಆಮ್ಲಜನಕದ ಕೊರತೆಯ ಮಾತೇ. ಆದುದರಿಂದ ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಪಂಪೊಂದು ಮನೆಯಲ್ಲಿರಲೇಬೇಕು.

ವೈದ್ಯರಾಗಿ ಮೂರು ಮಾತು ಸೇರಿಸುತ್ತೇವೆ. ಮೊದಲನೆಯದು ಡೆಂಗೆ. ಮೀನಿರುವ ತೊಟ್ಟಿಯಲ್ಲಿ ಸೊಳ್ಳೆಮರಿ ಉಳಿಯದು. ಅಪಾಯವಿರುವುದು ಪಕ್ಕದ ಬಕೆಟ್ಟು, ತಟ್ಟೆ, ಮುಚ್ಚಳಗಳಲ್ಲಿ ನಿಂತ ನೀರಿನಲ್ಲಿ. ಮನೆಯಲ್ಲಿ ಮರಿಗಳು ಸಿಕ್ಕರೆ ಮಲೇಷ್ಯಾದ 1975ರ ಕಾಯಿದೆಯ ಪ್ರಕಾರ ದಂಡವಿದೆ. ಎರಡನೆಯದು, ಇಲಿಗಳು ತೊಟ್ಟಿಯ ಬಳಿ ಸುಳಿಯದಂತೆ ಬಲೆ ಮುಚ್ಚಬೇಕು. ಇಲಿಜ್ವರ ಮಲೆನಾಡಿನಲ್ಲಿದ್ದಂತೆ ಇಲ್ಲಿಯೂ ಇದೆ. ಕೈಯಲ್ಲಿ ಗಾಯವಿದ್ದಾಗ ನೀರಿಗೆ ಇಳಿಸಬೇಡಿ. ಮೂರನೆಯದು, ತೊಟ್ಟಿಗೆ ಮೀನಿನ ಔಷಧವನ್ನಾಗಲಿ ಗಿಡಕ್ಕೆ ಕೀಟನಾಶಕವನ್ನಾಗಲಿ ಹಾಕಬೇಡಿ. ಮೈಲುತುತ್ತಂತೂ ಮೀನಿಗೆ ನೇರ ವಿಷ. ಬೋರ್ಡೋ ಬಲ್ಲವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಸೊಪ್ಪನ್ನು ಶುದ್ಧ ನೀರಿನಲ್ಲಿ ತೊಳೆದು, ಸಾಧ್ಯವಾದರೆ ಬೇಯಿಸಿ ತಿನ್ನಿ.

ಟಿಕೆಟ್ಟಿನ ಮಾತು ಆಮೇಲೆ ಬರಲಿಲ್ಲ. ಮೇ ತಿಂಗಳಲ್ಲಿ, ಮಳೆಗೆ ಮುನ್ನ ಬೋರ್ಡೋ ಹೊಡೆಸಬೇಕೆಂದು ಅಪ್ಪಯ್ಯ ತಾವಾಗಿಯೇ ಹೊರಟರು. ಹೊರಡುವ ದಿನ ಸ್ಟೂಲನ್ನು ಮೊಮ್ಮಗಳಿಗೆ ವಹಿಸಿಕೊಟ್ಟರು. ಅವಳು ಈಗ ಶಾಲೆಗೆ ಹೋಗುವ ಮುನ್ನ ಹತ್ತು ನಿಮಿಷ ಅಲ್ಲಿ ಕುಳಿತು ಮೀನಿನ ಊಟ ನೋಡುತ್ತಾಳೆ. ಪರೀಕ್ಷಾ ಪೆಟ್ಟಿಗೆಯೂ ಇದೆ, ವಾರಕ್ಕೊಮ್ಮೆ ತಪ್ಪದೆ ಬಳಸುತ್ತೇವೆ. ಆದರೆ ಅವಳು ಏನಾದರೂ ಹೇಳಿದ ದಿನ ಅದು ಭಾನುವಾರದವರೆಗೆ ಕಾಯುವುದಿಲ್ಲ. ಉಳಿದ ಏಳು ಮೀನುಗಳಿಗೆ ಹತ್ತು ಹೊಸ ಮರಿಗಳು ಜೊತೆಯಾಗಿವೆ.

ಭಾನುವಾರದ ದೂರವಾಣಿ ಮುಂದುವರಿದಿದೆ. ಅಪ್ಪಯ್ಯನವರಿಗೂ ಈಗ ರಕ್ತದೊತ್ತಡದ ಮಾತ್ರೆ ಇದೆ, ಅವರೂ ಅಂಕಿಗಳನ್ನು ಬರೆದಿಡುತ್ತಾರೆ. ನಾವು ಅದನ್ನು ಕೊನೆಗೆ ಕೇಳುತ್ತೇವೆ. ಮೊದಲು ಕೇಳುವುದು, "ಊಟ ಸೇರ್ತಾ ಇದೆಯಾ ಅಪ್ಪಯ್ಯ?" ಎಂದು. ಅವರೂ ನಮ್ಮನ್ನು ಅದನ್ನೇ ಕೇಳುತ್ತಾರೆ. ಮೊದಲು ಮೀನಿನದು, ಆಮೇಲೆ ನಮ್ಮದು.

ಬಸಳೆಯ ಕಡ್ಡಿ, ಒಂದೆಲಗದ ಬಳ್ಳಿ ಬೇಕಾದವರು ಮುಂದಿನ ಕೂಟಕ್ಕೆ ಮುನ್ನ ತಿಳಿಸಿದರೆ ತಂದುಕೊಡುತ್ತೇವೆ. ತೊಳೆದ ಚಿಪ್ಪೂ ಒಂದು ಚೀಲ ಹೆಚ್ಚಿಗೆ ಇದೆ. ತೊಟ್ಟಿಯ ನೀರು ಹುಳಿಯಾಗಿದೆ ಎಂದು ಕಂಡ ರಾತ್ರಿ, ಎಷ್ಟೇ ಹೊತ್ತಾಗಿದ್ದರೂ, ಸುಣ್ಣದ ಡಬ್ಬಿಗೆ ಕೈ ಹಾಕುವ ಮುನ್ನ ನಮಗೊಂದು ಕರೆ ಮಾಡಿ.